ಎ ಸೈಡ್ ಅಪ್ಪನದು, ಬಿ ಸೈಡ್ ನನ್ನದು!

ನಿಮ್ಮ ಮನೆಯ ಅಟ್ಟದ ಮೇಲೆ, ಹಳೇ ಟ್ರಂಕಿನೊಳಗೆ ಒಂದು ಕ್ಯಾಸೆಟ್ ಇದೆಯಾ ನೋಡಿ. ಮೇಲೆ ಹೀರೋ ಹೀರೋಯಿನ್ ಫೋಟೋ ಇರೋ ಕಂಪನಿ ಕ್ಯಾಸೆಟ್ ಅಲ್ಲ ಸ್ವಾಮಿ! ಖಾಲಿ ಕ್ಯಾಸೆಟ್ ತಗೊಂಡು, ಬೇಕಾದ ಹಾಡುಗಳ ಹೆಸರನ್ನು ಚೀಟಿಯಲ್ಲಿ ಬರೆದು, ಅಂಗಡಿಯವನ ಕೈಲಿ ತುಂಬಿಸಿಕೊಂಡ ಕ್ಯಾಸೆಟ್. ಸಿಕ್ಕಿತೇ? ಹಾಗಾದರೆ ದಯವಿಟ್ಟು ಎಸೆಯಬೇಡಿ. ಮೊದಲು ಈ ಬರಹ ಓದಿ, ಆಮೇಲೆ ನಿಮ್ಮಿಷ್ಟ.

ನಮ್ಮಪ್ಪ ಪ್ರೈವೇಟ್ ಬಸ್ ಡ್ರೈವರ್. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ. ಇದೇ ರೂಟಿನಲ್ಲಿ ಇಪ್ಪತ್ತೈದು ವರ್ಷಕ್ಕೂ ಮೇಲೆ ಸ್ಟೇರಿಂಗ್ ತಿರುಗಿಸಿದ ಮನುಷ್ಯ. 2023ರ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು. ಲಕ್ವ! ಬಲಗೈ, ಬಲಗಾಲು ಸೋತವು. ಅದಕ್ಕಿಂತ ದೊಡ್ಡ ಹೊಡೆತ ಇನ್ನೊಂದು. ಮಾತು ನಿಂತೇ ಹೋಯಿತು. ಎಲ್ಲ ಅರ್ಥ ಆಗ್ತದೆ, ಕಣ್ಣಲ್ಲೇ ಉತ್ತರ ಕೊಡ್ತಾರೆ, ಆದರೆ ನಾಲಿಗೆ ಮೇಲೆ ಅಕ್ಷರ ಬಾರದು. ಬಸ್ ಸ್ಟ್ಯಾಂಡಿನ ಆ ತುದಿಯಿಂದ ಈ ತುದಿಗೆ ಕೂಗಿ ಕಂಡಕ್ಟರನನ್ನು ಕರೆಯುತ್ತಿದ್ದ ಗಂಟಲು ಅದು!

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಹೇಳಿದರು: "ಇವರಿಗೆ ಇಷ್ಟವಾದ ಹಳೇ ಹಾಡು ಹಾಕಿ ನೋಡಿ. ಮಾತಾಡೋಕೆ ಆಗದವರು ಕೆಲವರು ಹಾಡ್ತಾರೆ." ನನಗೆ ನಗು ಬಂತು. ಆಮೇಲೆ ತಿಳಿಯಿತು, ಅದು ನಿಜವಂತೆ. ಹೆಚ್ಚಿನವರಲ್ಲಿ ಮಾತು ಮಿದುಳಿನ ಎಡಭಾಗದ ಕೆಲಸ. ರಾಗದಲ್ಲಿ ಬಲಭಾಗಕ್ಕೂ ದೊಡ್ಡ ಪಾಲಿದೆ. ಎಡಕ್ಕೆ ಪೆಟ್ಟು ಬಿದ್ದು ಮಾತು ಹೋದರೂ ಹಾಡು ಉಳಿಯುವುದುಂಟು.

ಹಾಡು ಹಾಕೋದೇನೋ ಸರಿ. ಯಾವ ಹಾಡು?

ಟ್ರಂಕಿನಲ್ಲಿ ಸಿಕ್ಕ ನಿಧಿ

ಅವ್ವ ಸೀದಾ ಟ್ರಂಕು ತೆಗೆದರು. ಅಪ್ಪನ ಖಾಕಿ ಅಂಗಿಯ ಅಡಿಯಲ್ಲಿ ಒಂದು ಕ್ಯಾಸೆಟ್. ಅರವತ್ತು ನಿಮಿಷದ್ದು, ಅಂದರೆ ಒಂದೊಂದು ಸೈಡಿಗೆ ಮೂವತ್ತು ನಿಮಿಷ. ಕಾಗದದ ಮೇಲೆ 1984 ಅಂತ ಇಸವಿ. ಅಪ್ಪನಿಗಾಗ ಇಪ್ಪತ್ತನಾಲ್ಕು ವಯಸ್ಸು, ಇನ್ನೂ ಕ್ಲೀನರ್. ಎರಡು ತಿಂಗಳು ಬೀಡಿ ಬಿಟ್ಟು ಉಳಿಸಿದ ದುಡ್ಡಲ್ಲಿ ತುಂಬಿಸಿದ್ದಂತೆ.

ಈಗಿನ ಹುಡುಗರಿಗೆ ಇದರ ಬೆಲೆ ಗೊತ್ತಾಗೋದು ಕಷ್ಟ. ಫಿಲಿಪ್ಸ್ ಕಂಪನಿ 1963ರಲ್ಲಿ ಈ ಪುಟ್ಟ ಡಬ್ಬಿಯನ್ನು ಲೋಕಕ್ಕೆ ಕೊಟ್ಟಿತು. ಅದು ನಮ್ಮ ಊರುಗಳಿಗೆ ಬರುವ ತನಕ ಹಾಡು ಕೇಳಬೇಕೆಂದರೆ ಎರಡೇ ದಾರಿ. ಆಕಾಶವಾಣಿಯವರು ಹಾಕಿದಾಗ ಕೇಳಬೇಕು, ಇಲ್ಲಾ ಗ್ರಾಮಫೋನ್ ಇದ್ದ ಸಾಹುಕಾರರ ಮನೆ ಜಗಲಿಯಲ್ಲಿ ನಿಲ್ಲಬೇಕು. "ನನಗೆ ಬೇಕಾದ ಹಾಡು, ನನಗೆ ಬೇಕಾದ ಹೊತ್ತಿನಲ್ಲಿ, ನನಗೆ ಬೇಕಾದ ಸಾಲಿನಲ್ಲಿ" ಅನ್ನೋ ಅಧಿಕಾರ ಬಡವನ ಕೈಗೆ ಬಂದಿದ್ದು ಕ್ಯಾಸೆಟ್ಟಿನಿಂದ. ಅಂಗಡಿಯವರು ರೆಕಾರ್ಡಿನಿಂದ ಹೀಗೆ ತುಂಬಿಸಿಕೊಡೋದು ಕಾನೂನಿಗೆ ಒಪ್ಪಿಗೆಯಾದ ಕೆಲಸವಲ್ಲ, ಅದು ಬೇರೆ ಮಾತು. ಅಪ್ಪನಿಗೆ ಕಾನೂನು ಗೊತ್ತಿರಲಿಲ್ಲ, ಹಾಡು ಗೊತ್ತಿತ್ತು.

ಬಸ್ ಸ್ಟ್ಯಾಂಡ್ ಪಕ್ಕದ ರೇಡಿಯೋ ರಿಪೇರಿ ಅಂಗಡಿಗೆ ಹೋದೆ. ಅಲ್ಲೊಂದು ಹಳೇ ಟೂ ಇನ್ ಒನ್. ಬೆಲ್ಟ್ ಜೋತು ಬಿದ್ದಿತ್ತು, ಹೊಸದು ಹಾಕಿದರು. ಹೆಡ್ಡಿನ ಕೊಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರು. ನಾನು ಪೆನ್ಸಿಲ್ ತೂರಿಸಿ ಸಡಿಲವಾಗಿದ್ದ ಟೇಪನ್ನು ಬಿಗಿ ಮಾಡಿದೆ. ಹಾಡನ್ನೆಲ್ಲ ಫೋನಿಗೆ ಇಳಿಸಿ, ಅಲ್ಲಿಂದ ಪೆನ್ ಡ್ರೈವಿಗೆ ತುಂಬಿಸೋದು ನನ್ನ ಲೆಕ್ಕಾಚಾರ.

ಪೆನ್ ಡ್ರೈವ್ ಹದಿನಾರು ಜಿಬಿಯದು. ಸಾವಿರಾರು ಹಾಡು ಹಿಡಿಸುತ್ತೆ. ಆದರೆ ನಾನೊಂದು ಶಪಥ ಮಾಡಿದೆ. ಅರವತ್ತು ನಿಮಿಷಕ್ಕಿಂತ ಒಂದು ನಿಮಿಷವೂ ಹೆಚ್ಚು ಹಾಕಕೂಡದು! ಯಾಕೆ ಅಂತೀರಾ? ಸಾವಿರ ಹಾಡಿದ್ದರೆ ಯಾರು ಬೇಕಾದರೂ ತುಂಬಿಸಬಹುದು. ಹದಿಮೂರು ಹಾಡಿಗೆ ಮಾತ್ರ ಜಾಗ ಇದ್ದಾಗಲೇ ನಿಮಗೆ ಯಾವುದು ಬೇಕು, ಯಾವುದನ್ನು ಬಿಡಬಹುದು ಅನ್ನೋದು ಬಯಲಾಗೋದು.

ಎ ಸೈಡ್: ಏಳು ಹಾಡು

ಮೊದಲ ಹಾಡು ದೇವರದ್ದು. ಆ ಕಾಲದಲ್ಲಿ ಕ್ಯಾಸೆಟ್ ತುಂಬಿಸುವವರ ಶಾಸ್ತ್ರ ಅದು. 'ಎರಡು ಕನಸು' (1974) ಚಿತ್ರದಲ್ಲಿ ಎಸ್. ಜಾನಕಿ ಹಾಡಿದ ರಾಘವೇಂದ್ರ ಸ್ವಾಮಿಗಳ ಕೃತಿ. ಬೆಳಗಿನ ಮೊದಲ ಟ್ರಿಪ್ಪಿಗೆ ಊದುಬತ್ತಿ ಹಚ್ಚಿ ಅಪ್ಪ ಇದನ್ನು ಹಾಕುತ್ತಿದ್ದರು. ಹಾಡು ಮುಗಿದ ಮೇಲೇ ಮೊದಲ ಗೇರು!

ಎರಡನೆಯದು 'ಬಂಗಾರದ ಮನುಷ್ಯ' (1972) ಚಿತ್ರದ್ದು. ಜಿ.ಕೆ. ವೆಂಕಟೇಶ್ ಸಂಗೀತ, ಪಿ.ಬಿ. ಶ್ರೀನಿವಾಸ್ ಕಂಠ. ಕಲ್ಲು ಬಂಡೆ ಒಡೆದು ಬರಡು ನೆಲವನ್ನು ಹಸನು ಮಾಡುವ ರಾಜೀವನ ಹಾಡು ಅಂದರೆ ಸಾಕು, ನಿಮಗೆ ಗೊತ್ತಾಗುತ್ತೆ. ಆ ಚಿತ್ರ ನೋಡಿ ಓದಿದ ಹುಡುಗರೇ ಪಟ್ಟಣ ಬಿಟ್ಟು ಊರಿಗೆ ಬೇಸಾಯಕ್ಕೆ ಮರಳಿದರು ಎಂಬ ಮಾತುಂಟು. ಅಪ್ಪನಿಗೆ ಬೇಸಾಯಕ್ಕೆ ಭೂಮಿ ಇರಲಿಲ್ಲ. ಅವರ ಪಾಲಿಗೆ ಅದು ಪಂಕ್ಚರಾದ ಚಕ್ರ ಬಿಚ್ಚುವಾಗಿನ ಹಾಡು.

ಮೂರನೆಯದು ಬಿಡಿ, ನಮ್ಮ ಜಿಲ್ಲೆಯ ಸ್ವತ್ತು! 'ನಾಗರಹಾವು' (1972). ತ.ರಾ.ಸು. ಕಾದಂಬರಿ, ಪುಟ್ಟಣ್ಣನವರ ನಿರ್ದೇಶನ, ವಿಜಯಭಾಸ್ಕರ್ ಸಂಗೀತ. ಸಂಪತ್ ಕುಮಾರ್ ಎಂಬ ಹುಡುಗ ವಿಷ್ಣುವರ್ಧನ್ ಆದ ಚಿತ್ರ. ಅಂಬರೀಷ್ ಜಲೀಲನಾಗಿ ಬಂದಿದ್ದೂ ಇದರಲ್ಲೇ. ಕೋಟೆಯ ಬಂಡೆಗಳ ನಡುವೆ ರಾಮಾಚಾರಿ ಹೂಂಕರಿಸುವ ಆ ಹಾವಿನ ಹಾಡಿಗೆ ದನಿಯಾದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಬಸ್ಸು ದುರ್ಗ ಸಮೀಪಿಸಿ ಕೋಟೆ ಕಣ್ಣಿಗೆ ಬೀಳುತ್ತಿದ್ದಂತೆ ಕಾಲೇಜು ಹುಡುಗರು, "ಡ್ರೈವರಣ್ಣಾ, ಹಾವು ಬಿಡು!" ಅಂತ ಕೂಗುತ್ತಿದ್ದರು. ಅಪ್ಪ ಕ್ಯಾಸೆಟ್ ಓಡಿಸಿ ಸರಿಯಾಗಿ ಅಲ್ಲಿಗೇ ತಂದು ಬಿಡುತ್ತಿದ್ದರು. ಹಲ್ಲು ಗೇರಿನಷ್ಟೇ ಕ್ಯಾಸೆಟ್ಟೂ ಅವರ ಕೈಗೆ ಪಳಗಿತ್ತು.

ನಾಲ್ಕನೆಯದರ ಕಥೆ ಕೊನೆಗೆ ಹೇಳ್ತೀನಿ, ಸ್ವಲ್ಪ ತಾಳಿ.

ಐದನೆಯದು 'ಬಯಲುದಾರಿ' (1976). ರಾಜನ್-ನಾಗೇಂದ್ರ ಸಂಗೀತದಲ್ಲಿ ಜಾನಕಿಯವರ ಏಕಾಂಗಿ ಗೀತೆ. ರಾತ್ರಿ ಕೊನೇ ಟ್ರಿಪ್ಪು, ಬಸ್ಸಲ್ಲಿ ಐದಾರು ಜನ, ಒಳಗಿನ ದೀಪ ಆರಿಸಿದ್ದಾರೆ. ಆಗ ಈ ಹಾಡು. ಹಿಂದಿನ ಸೀಟಲ್ಲಿ ಯಾರಾದರೂ ಅತ್ತರೆ ಯಾರಿಗೂ ಕಾಣೋದಿಲ್ಲ, ಅದೇ ಅನುಕೂಲ ಅಂತಿದ್ದರು ಅಪ್ಪ.

ಆರನೆಯದು 'ಗೀತಾ' (1981). ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ಚಿತ್ರ. ಇಳಯರಾಜಾ ಸಂಗೀತ, ಎಸ್ಪಿಬಿ-ಜಾನಕಿ ಜೋಡಿ. ಎಷ್ಟು ಗಟ್ಟಿ ಟ್ಯೂನು ಅಂದರೆ, 2007ರ ಹಿಂದಿ 'ಚೀನಿ ಕಮ್' ಚಿತ್ರಕ್ಕೆ ಇಳಯರಾಜಾ ಅದನ್ನೇ ಮತ್ತೆ ಬಳಸಿಕೊಂಡರು. ಶಂಕ್ರಣ್ಣ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಅಪಘಾತದಲ್ಲಿ ಹೋದರು. ಮದುವೆ ದಿಬ್ಬಣದ ಬಸ್ಸು ಆ ಹೆದ್ದಾರಿಯಲ್ಲಿ ಹೋಗುವಾಗ ಈ ಹಾಡು ಬಂದರೆ ಅಪ್ಪ ಸೌಂಡು ಕಮ್ಮಿ ಮಾಡುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಡ್ರೈವರು ಡ್ರೈವರಿಗೆ ಕೊಡೋ ಮರ್ಯಾದೆ. ತೆರೆಯ ಮೇಲೆ ಆಟೋ ಓಡಿಸಿದ ಶಂಕ್ರಣ್ಣ ಇವರಿಗೆಲ್ಲ ತಮ್ಮವನೇ ತಾನೆ?

ಏಳನೆಯದು 'ಕಸ್ತೂರಿ ನಿವಾಸ' (1971). ಪಿಬಿಎಸ್ ಹಾಡಿದ ಆ ಬೊಂಬೆಯ ಹಾಡು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅಪ್ಪ ಆ ವಾರ ಗೋಡೆ ಹಿಡಿದು ನಿಲ್ಲಲು ಹೋಗಿ ಎರಡು ಸಲ ಬಿದ್ದಿದ್ದರು. ಬೀಳೋದು, ಏಳೋದು ಅಂತ ಆ ಹಾಡು ಕೇಳಿಸಿದರೆ ಮನಸ್ಸಿಗೆ ನೋವಾದೀತು ಅಂತ ಪೆನ್ ಡ್ರೈವಿನಲ್ಲಿ ಅದನ್ನು ಬಿಟ್ಟುಬಿಟ್ಟೆ. ಅಪ್ಪ ಆರು ಹಾಡು ಕೇಳಿದರು. ಆಮೇಲೂ ಕಾಯುತ್ತಾ ಕೂತರು. ಎಡಗೈ ಬೆರಳು ಮಡಚಿ ಮಡಚಿ ಎಣಿಸಿದರು. ಐದು ಬೆರಳು, ಮತ್ತೆ ಎರಡು. ಏಳು! ನನ್ನ ಕಡೆ ನೋಡಿದ ಆ ನೋಟ... ಟಿಕೆಟ್ ಇಲ್ಲದೆ ಹತ್ತಿದವನನ್ನು ನೋಡುವ ನೋಟ.

ತಕ್ಷಣ ಸೇರಿಸಿದೆ. ಹಾಡು ಬಂತು. ಅಪ್ಪ ಅಳಲಿಲ್ಲ. ಗೋಡೆ ಕಡೆ ಕೈ ಚಾಚಿದರು, ಎಬ್ಬಿಸು ಅಂತ. ಅವತ್ತು ನನಗೆ ಬುದ್ಧಿ ಬಂತು. ಇನ್ನೊಬ್ಬರಿಗಾಗಿ ಹಾಡು ಆರಿಸುವಾಗ ಅವರ ದುಃಖವನ್ನು ನಾವು ಕತ್ತರಿಸಬಾರದು. ಅದೂ ಅವರದೇ ಆಸ್ತಿ.

ಇನ್ನೊಂದು ವಿಷಯ. ಮೂಲ ಕ್ಯಾಸೆಟ್ಟಿನಲ್ಲಿ ಆ ಹಾಡು ಪೂರ್ತಿ ಇಲ್ಲ. ಮೂವತ್ತು ನಿಮಿಷ ಮುಗಿದು, ಕೊನೇ ಚರಣದ ನಡುವೆ 'ಟಕ್' ಅಂತ ನಿಲ್ಲುತ್ತೆ. ಪೂರ್ತಿ ಹಾಡು ಈಗ ಎಲ್ಲಿ ಬೇಕಾದರೂ ಸಿಗುತ್ತೆ. ಆದರೂ ನಾನು ಆ 'ಟಕ್' ಸಮೇತವೇ ಉಳಿಸಿದ್ದೀನಿ. ನಲವತ್ತು ವರ್ಷ ಅಪ್ಪನ ಹಾಡು ಅಲ್ಲಿಗೇ ಮುಗಿದಿದೆ. ಉದ್ದ ಮಾಡೋಕೆ ನಾನ್ಯಾರು?

ಬಿ ಸೈಡಿನ ಕಳ್ಳ ಯಾರು?

ಕ್ಯಾಸೆಟ್ ತಿರುಗಿಸಿ ಹಾಕಿದೆ. ಹಾಡು ಇಲ್ಲ! ಬದಲಿಗೆ ಒಂದು ಹುಡುಗನ ಕೀರಲು ದನಿ, ಗೆಜ್ಜೆ ಅಲ್ಲಾಡಿಸೋ ಸದ್ದು, ವಿಕಾರ ನಗು. ರಿಪೇರಿಯವರು, "ಯಾವ ದೆವ್ವ ಮಾರಾಯ ಇದು?" ಅಂದರು.

ದೆವ್ವ ನಾನೇ ಸ್ವಾಮಿ!

'ಆಪ್ತಮಿತ್ರ' ಬಂದಿದ್ದು 2004ರಲ್ಲಿ. ಮರುವರ್ಷ, ನನಗೆ ಎಂಟು ವಯಸ್ಸು. ತಲೆ ತುಂಬ ಸೌಂದರ್ಯ ಅವರ ನಾಗವಲ್ಲಿ. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆ ಇರುತ್ತವೆ. ಅದನ್ನು ಮುರಿದರೆ ಮೇಲೆ ಮತ್ತೆ ರೆಕಾರ್ಡ್ ಆಗೋದಿಲ್ಲ. ಅಪ್ಪ ಎರಡನ್ನೂ ಮುರಿದು ಭದ್ರ ಮಾಡಿದ್ದರು. ಆದರೆ ಆ ತೂತಿಗೆ ಕಾಗದದ ಉಂಡೆ ತುರುಕಿದರೆ ಬೀಗ ತೆರೆಯುತ್ತೆ ಅಂತ ಮಾವನ ಮಗ ಹೇಳಿಕೊಟ್ಟಿದ್ದ. ತುರುಕಿದೆ, ಕೆಂಪು ಬಟನ್ ಒತ್ತಿದೆ, ನಾಗವಲ್ಲಿಯಾದೆ. ಹನ್ನೆರಡು ನಿಮಿಷ! ಬಿ ಸೈಡಿನ ಮೂರು ಹಾಡು ಪೂರ್ತಿ ಅಳಿಸಿಹೋದವು.

ಅಪ್ಪನಿಗೆ ಗೊತ್ತಾಗಿರಲಿಲ್ಲವೇ? ಗೊತ್ತಾಗದೆ ಇರುತ್ತದೆಯೇ! ಒಂದು ಮಾತೂ ಬೈಯಲಿಲ್ಲ. ಕ್ಯಾಸೆಟ್ಟನ್ನು ಬಸ್ಸಿನಿಂದ ತಂದು ಟ್ರಂಕಿಗೆ ಹಾಕಿದರು, ಅಷ್ಟೆ.

ಅಳಿಸಿದವನೇ ತುಂಬಿಸಬೇಕು, ನ್ಯಾಯ ತಾನೆ? ಡ್ಯಾಶ್‌ಬೋರ್ಡಿನ ಬಿಸಿಲಿಗೆ ಬಿ ಸೈಡಿನ ಪಟ್ಟಿ ಮಾಸಿತ್ತು. ಒಂದನೇ ಸಾಲಲ್ಲಿ 'ಗಂಧ', ಮೂರನೇ ಸಾಲಲ್ಲಿ 'ಚಲಿ' ಅಷ್ಟೇ ಕಾಣೋದು. ಒಂದನೆಯದು 'ಗಂಧದ ಗುಡಿ' (1973), ಪಿಬಿಎಸ್ ಹಾಡಿದ ನಾಡಿನ ಹಾಡು. ಮೂರನೆಯದು 'ಚಲಿಸುವ ಮೋಡಗಳು' (1982), ಅಣ್ಣಾವ್ರು ಹಾಡಿದ ಕನ್ನಡದ ಹಾಡು. ಎರಡಕ್ಕೂ ಅಪ್ಪ ತಲೆಯಾಡಿಸಿದರು. ನಾಲ್ಕನೆಯದು ನನ್ನ ದಾಳಿಯಿಂದ ಅರ್ಧ ತಪ್ಪಿಸಿಕೊಂಡಿತ್ತು: ಬೇಂದ್ರೆಯವರ ಕವನಕ್ಕೆ 'ಶರಪಂಜರ' (1971)ದಲ್ಲಿ ಪಿಬಿಎಸ್, ಪಿ. ಸುಶೀಲಾ ದನಿ ಕೊಟ್ಟದ್ದು. ಐದು, 'ಎರಡು ಕನಸು' ಚಿತ್ರದ ಪಿಬಿಎಸ್-ವಾಣಿ ಜಯರಾಂ ಯುಗಳಗೀತೆ. ಅದು ಬಂದಾಗ ಅವ್ವ ಒಳಗಿಂದ ಬಂದು ಬಾಗಿಲಲ್ಲಿ ನಿಂತರು. ಯಾಕೆ ಅಂತ ನಾನು ಕೇಳಲಿಲ್ಲ. ಆರು, 'ಆಟೋ ರಾಜ' (1980), ಎಸ್ಪಿಬಿ.

ಈಗ ಎರಡನೆಯದು ಯಾವುದು? ಸಾಲು ಪೂರ್ತಿ ಮಾಸಿದೆ. ಒಂದೊಂದಾಗಿ ಮೂವತ್ತು ಹಾಡು ಹಾಕಿದೆ. ಪ್ರತಿಯೊಂದಕ್ಕೂ ಅಪ್ಪ ಎಡಗೈ ಅಲ್ಲಾಡಿಸಿದರು. ಊಹೂಂ. ಆ ಹಾಡು ಅಪ್ಪನ ಒಳಗಿದೆ, ಹೊರಗೆ ಬರುವ ದಾರಿಯಿಲ್ಲ. ನಾನೇ ಮುಚ್ಚಿದ ದಾರಿ.

ಆ ಖಾಲಿ ಜಾಗದಲ್ಲಿ...

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಲೇಬೇಕು. 2015ರಲ್ಲಿ ದ್ವಿತೀಯ ಪಿಯುಸಿಯಲ್ಲಿ ಡುಮ್ಕಿ ಹೊಡೆದೆ. ಸಪ್ಲಿಮೆಂಟರಿಗೆ ಕಟ್ಟಲು ಅಪ್ಪ ಕೊಟ್ಟ ದುಡ್ಡಲ್ಲಿ ಬೆಂಗಳೂರಿಗೆ ಹೋಗಿ ಗಾಂಧಿನಗರ ಸುತ್ತಿ ಬಂದೆ, ಸಿನಿಮಾ ಪತ್ರಕರ್ತ ಆಗ್ತೀನಿ ಅಂತ. "ಸಿನಿಮಾ ಹುಚ್ಚು ಹೊಟ್ಟೆ ತುಂಬ್ಸಲ್ಲ ಕಣಲೇ" ಅಂದರು. ಆಮೇಲೆ ಆರು ತಿಂಗಳು ಮಾತಿಲ್ಲ. ಆಗ ಅವರಿಗೆ ಮಾತು ಬರುತ್ತಿತ್ತು, ಆಡಲಿಲ್ಲ. ನಾನೂ ಆಡಿಸಲಿಲ್ಲ. ಈಗ ಅದನ್ನು ನೆನೆದರೆ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಆರು ತಿಂಗಳ ಮಾತು ಅಂದರೆ ಎಷ್ಟಾಯಿತು ಲೆಕ್ಕ ಹಾಕಿ!

ನನ್ನ ಮೊದಲ ಬರಹ ಅಚ್ಚಾದ ವಾರ ಅಪ್ಪನ ಕಂಡಕ್ಟರ್ ದಾರಿಯಲ್ಲಿ ಸಿಕ್ಕು ಹೇಳಿದ: "ನಿಮ್ಮಪ್ಪ ಬಸ್ ಸ್ಟ್ಯಾಂಡಲ್ಲಿ ಎರಡು ಪ್ರತಿ ತಗೊಂಡ್ರು. ಒಂದು ಸೀಟ್ ಕೆಳಗಿದೆ, ಇನ್ನೊಂದು ಓನರ್‌ಗೆ ಕೊಟ್ರು." ಮನೆಯಲ್ಲಿ ಮಾತ್ರ ತುಟಿಪಿಟಕ್ ಅನ್ನಲಿಲ್ಲ!

ಆ ಎರಡನೇ ಜಾಗಕ್ಕೆ ನಾನು 'ಬೆಟ್ಟದ ಹೂವು' (1985) ಹಾಕಿದೆ. ಹುಡುಗ ಪುನೀತ್‌ಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಹಾಡಿದ್ದೂ ಅಪ್ಪುವೇ. ಬೆಟ್ಟದ ಹೂ ಮಾರಿ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂದು ಕಾಸು ಕೂಡಿಸುವ ರಾಮು, ಕೊನೆಗೆ ಆ ದುಡ್ಡಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ನಾನು ಪುಸ್ತಕವನ್ನೂ ಕೊಳ್ಳಲಿಲ್ಲ, ಕಂಬಳಿಯನ್ನೂ ತರಲಿಲ್ಲ. ಅದನ್ನು ಅಪ್ಪನ ಎದುರು ಬಾಯಿಬಿಟ್ಟು ಹೇಳೋ ಧೈರ್ಯ ನನಗಿಲ್ಲ. ಅಪ್ಪುವಿನ ಹಾಡು ಹಾಕಿದೆ. 1984ರ ಕ್ಯಾಸೆಟ್ಟಿನಲ್ಲಿ 1985ರ ಹಾಡು ಇರೋಕೆ ಸಾಧ್ಯವಿಲ್ಲ ಅಂತ ಅಪ್ಪನಿಗೂ ಗೊತ್ತು. ಪೂರ್ತಿ ಕೇಳಿದರು. ಈ ಸಲ ಕೈ ಅಲ್ಲಾಡಿಸಲಿಲ್ಲ. ಆ ಕೈಯನ್ನು ನನ್ನ ಮಂಡಿಯ ಮೇಲೆ ಇಟ್ಟರು.

ಕೊನೆಗೆ ಉಳಿದ ಜಾಗಕ್ಕೆ 'ಮುಂಗಾರು ಮಳೆ' (2006). ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ಸಂಗೀತದಲ್ಲಿ ಸೋನು ನಿಗಮ್ ಹಾಡಿದ್ದು. ಆಗ ಕಾಲೇಜು ಹುಡುಗರ ಕಾಟಕ್ಕೆ ದಿನಕ್ಕೆ ಹತ್ತು ಸಲ ಹಾಕಿ ಸಾಕಾಗಿದ್ದ ಅಪ್ಪ, ಈಗ ಹಣೆ ಚಚ್ಚಿಕೊಂಡು ನಕ್ಕರು.

ಇನ್ನು ಆ ನಾಲ್ಕನೇ ಹಾಡು

ಹೇಳ್ತೀನಿ ಅಂದಿದ್ದೆನಲ್ಲ? ಎ ಸೈಡಿನ ನಾಲ್ಕನೆಯದು 'ಸಂಪತ್ತಿಗೆ ಸವಾಲ್' (1974). ಪಿ.ಬಿ. ಧುತ್ತರಗಿ ಅವರ ನಾಟಕ ಚಿತ್ರವಾದದ್ದು. ಅಲ್ಲಿಯವರೆಗೆ ಅಣ್ಣಾವ್ರಿಗೆ ಪಿಬಿಎಸ್ ಅವರೇ ಶಾರೀರ. ಈ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ಅಣ್ಣಾವ್ರು ತಾವೇ ಹಾಡಿದರು. ಆಮೇಲೆ ನಡೆದದ್ದು ಚರಿತ್ರೆ. 'ಜೀವನ ಚೈತ್ರ' (1992)ದ ಹಾಡಿಗೆ ರಾಷ್ಟ್ರಪ್ರಶಸ್ತಿಯವರೆಗೆ ಹೋಯಿತು ಆ ದಾರಿ.

ಅಪ್ಪ ತಮ್ಮ ಬಸ್ಸನ್ನು ಕರೆಯುತ್ತಿದ್ದದ್ದೇ 'ಎಮ್ಮೆ' ಅಂತ. ಏರು ಬಂದರೆ ಮುಕ್ಕರಿದು ಮುಕ್ಕರಿದು ಹತ್ತುತ್ತಿದ್ದ ಬಸ್ಸು. ಏರಿನಲ್ಲಿ ಈ ಹಾಡು ಹಾಕಿ, ಸ್ಟೇರಿಂಗ್ ತಟ್ಟುತ್ತಾ ಅಣ್ಣಾವ್ರ ಜೊತೆ ತಾವೂ ಕೂಗೋರು.

ಮೊದಲ ದಿನ ಮನೆಯಲ್ಲಿ ಈ ಹಾಡು ಹಾಕಿದಾಗ ನಾನು ಫೋನ್ ನೋಡುತ್ತಾ ಕೂತಿದ್ದೆ. ಅಣ್ಣಾವ್ರು ಎಮ್ಮೆಗೆ ಕೂಗು ಹಾಕಿದರು. ಪಕ್ಕದಿಂದ ಇನ್ನೊಂದು ಕೂಗು! ಒರಟು, ಮುರುಕು, ಶ್ರುತಿ ಇಲ್ಲ. ಆದರೆ ತಾಳಕ್ಕೆ ಸರಿಯಾಗಿ. ಹಿಂದೆಯೇ ಹಾಡಿನ ಎರಡು ಪದ, ಸ್ಪಷ್ಟವಾಗಿ. ಮೂರು ತಿಂಗಳಿಂದ ನನ್ನ ಹೆಸರು ಹೇಳಲಾಗದ ನಾಲಿಗೆ ಎಮ್ಮೆಯನ್ನು ಕರೆದಿತ್ತು! ಅವ್ವ ಒಲೆ ಮೇಲಿನ ಹಾಲು ಮರೆತು ಓಡಿ ಬಂದರು. ಹಾಲು ಉಕ್ಕಿ ಹೋಯಿತು, ಹೋಗಲಿ ಬಿಡಿ.

ಪವಾಡ ಅಂದುಕೊಳ್ಳಬೇಡಿ. ಅಪ್ಪನಿಗೆ ಈಗಲೂ ಮಾತು ಬಂದಿಲ್ಲ. ಹಾಡು ನಿಂತರೆ ಅವರೂ ನಿಲ್ಲುತ್ತಾರೆ. ಆದರೆ ದಿನಕ್ಕೆ ಒಂದು ಸಲ, ನಾಲ್ಕು ನಿಮಿಷ, ನಮ್ಮ ಮನೆಯಲ್ಲಿ ಅಪ್ಪನ ಗಂಟಲು ಕೇಳುತ್ತೆ.

ಕೊನೆಗೊಂದು ಮಾತು

ಬಿ ಸೈಡಿನ ನನ್ನ ನಾಗವಲ್ಲಿ ಪ್ರಕರಣ ಅಳಿಸಿಬಿಡೋಣ ಅಂತಲೇ ಇದ್ದೆ. ಪೂರ್ತಿ ಕೇಳಿದ್ದರಿಂದ ಬಚಾವಾಯಿತು. ಹನ್ನೆರಡನೇ ನಿಮಿಷದಲ್ಲಿ ಬಾಗಿಲ ಸದ್ದು. ದೂರದಿಂದ ಒಂದು ಗಡಸು ದನಿ: "ಸಾಕು ಬಿಡಲೇ, ಬ್ಯಾಟ್ರಿ ಖಾಲಿ ಆಗ್ತದೆ. ಊಟಕ್ಕೆ ಬಾ."

ಅಪ್ಪ!

ನಮ್ಮ ಮನೆಯಲ್ಲಿ ಅಪ್ಪನ ಮಾತು ಇರೋದು ಅದೊಂದೇ ಕಡೆ. ಮದುವೆ ವಿಡಿಯೋ ಇಲ್ಲ, ಫೋನಿನಲ್ಲಿ ಹಿಡಿದಿಟ್ಟದ್ದಿಲ್ಲ. ನಾನು ಅಳಿಸಿ ಹಾಳು ಮಾಡಿದ ಜಾಗದಲ್ಲಿ ಮಾತ್ರ ಆ ದನಿ ಉಳಿದಿದೆ. ಅದಕ್ಕಾಗಿ ಮೂರು ಹಾಡು ಹೋದವು ಅಂದರೆ ನನಗೇನೂ ಬೇಜಾರಿಲ್ಲ.

ಅಪ್ಪನಿಗೆ ಕೇಳಿಸಿದೆ. ಬೆಚ್ಚಿದರು. ಯಾರದು ಅಂತ ಕಣ್ಣಲ್ಲೇ ಕೇಳಿದರು. "ನೀನೇ ಅಪ್ಪ" ಅಂದೆ. ಇನ್ನೊಂದು ಸಲ ಹಾಕು ಅಂತ ಸನ್ನೆ ಮಾಡಿದರು. ನಾಲ್ಕು ಸಲ ಹಾಕಿಸಿಕೊಂಡರು.

ಹಾಗಾಗಿ ನಮ್ಮ ಪೆನ್ ಡ್ರೈವಿನಲ್ಲಿ ಹಾಡು ಹದಿನಾಲ್ಕು. ಹದಿಮೂರು ಅಂದಿದ್ದ ಲೆಕ್ಕ ಒಂದು ಹೆಚ್ಚಾಯಿತು, ಮುಂಗಾರು ಮಳೆಯ ಕಾಟ! ಎಲ್ಲಾ ಮುಗಿದ ಮೇಲೆ ಕಟ್ಟಕಡೆಗೆ ಅಪ್ಪನ ಆ ಒಂದು ಮಾತು.

ಮಿತ್ರರೇ, ನಿಮ್ಮ ಫೋನಿನಲ್ಲೂ ಸಾವಿರ ಹಾಡು ಇರಬಹುದು. ಒಂದು ಭಾನುವಾರ ಬಿಡುವು ಮಾಡಿಕೊಂಡು, ಒಬ್ಬರೇ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಅರವತ್ತೇ ನಿಮಿಷದ ಪಟ್ಟಿ ಮಾಡಿ ನೋಡಿ. ಒಳ್ಳೇ ಹಾಡು ಹುಡುಕಬೇಡಿ, ಅವರ ಹಾಡು ಹುಡುಕಿ. ಅವರು ಎದುರಿಗಿದ್ದು, ಮಾತು ಇರುವಾಗಲೇ ಕೇಳಿಕೊಂಡು ಮಾಡಿ. ಎರಡನೇ ಹಾಡು ಯಾವುದು ಅಂತ ಆಮೇಲೆ ನನ್ನ ಹಾಗೆ ಒದ್ದಾಡಬೇಡಿ.

ದಿನಾ ರಾತ್ರಿ ಎಂಟು ಗಂಟೆಗೆ ನಮ್ಮ ಮನೆಯಲ್ಲಿ ಆ ಅರವತ್ತು ನಿಮಿಷ ಮುಗಿಯುತ್ತೆ. "ಊಟಕ್ಕೆ ಬಾ" ಅನ್ನುತ್ತೆ ಪೆನ್ ಡ್ರೈವು. "ಬಂದ್ವಿ, ಬಂದ್ವಿ" ಅನ್ನುತ್ತಾ ಅವ್ವ ತಟ್ಟೆ ಹಾಕುತ್ತಾರೆ.